ಹೊಸ ಪಕ್ಷ ಕಟ್ಟುವವರ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಕೆಲವು ತಿಂಗಳಿಂದ ಒಂದೇ ಬಗೆಯ ಪತ್ರಗಳು ಬರುತ್ತಿವೆ. ಓದಿ ಕೆಲಸದಲ್ಲಿರುವ ಯುವಕ ಯುವತಿಯರು ಸ್ವಂತ ರಾಜಕೀಯ ಪಕ್ಷ ಕಟ್ಟಬೇಕೆಂದು ಹೊರಟಿದ್ದಾರೆ. ಅದಕ್ಕೇ ಈ ಸಲದ ಅಂಕಣವನ್ನು ಪೂರ್ತಿ ಅವರಿಗೇ ಬಿಟ್ಟಿದ್ದೇವೆ. ಪತ್ರ ಬರೆದವರ ಕೋರಿಕೆಯಂತೆ ಹೆಸರು ಹಾಕಿಲ್ಲ, ವೃತ್ತಿ ಮತ್ತು ಊರು ಮಾತ್ರ ಇವೆ.

ಪ್ರಶ್ನೆ: ಮಾನ್ಯರೆ, ನಾವು ಹನ್ನೆರಡು ಮಂದಿ ಗೆಳೆಯರು. ಇಂಜಿನಿಯರು, ಡಾಕ್ಟರು, ವಕೀಲರು ಇದ್ದೇವೆ, ಒಬ್ಬ ಸಿ.ಎ. ಕೂಡ ಇದ್ದಾನೆ. ಬರುವ ಸೆಪ್ಟೆಂಬರ್ 17ಕ್ಕೆ, ಕಲ್ಯಾಣ ಕರ್ನಾಟಕ ಉತ್ಸವದ ದಿನವೇ, ಪಕ್ಷ ಘೋಷಣೆ ಮಾಡಬೇಕೆಂದಿದ್ದೇವೆ. ಕಾಗದಪತ್ರ ಆಮೇಲೆ ನಿಧಾನಕ್ಕೆ ಮಾಡಿಕೊಂಡರೆ ನಡೆಯುತ್ತದೆಯೇ?
*ಇಂಜಿನಿಯರ್, ಕಲಬುರಗಿ*

ಉತ್ತರ: ನಡೆಯುವುದಿಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಕಲಮಿನ ಪ್ರಕಾರ ಪಕ್ಷ ಸ್ಥಾಪನೆಯಾದ ದಿನದಿಂದ 30 ದಿನದೊಳಗೆ ದೆಹಲಿಯ ಭಾರತ ಚುನಾವಣಾ ಆಯೋಗಕ್ಕೆ ನೋಂದಣಿ ಅರ್ಜಿ ಮುಟ್ಟಬೇಕು. ಸೆಪ್ಟೆಂಬರ್ 17ಕ್ಕೆ ‘ಪಕ್ಷ ಸ್ಥಾಪನೆ ಆಯಿತು’ ಎಂದು ಪತ್ರಿಕಾಗೋಷ್ಠಿಯಲ್ಲಿ ಹೇಳಿದರೆ ಅಕ್ಟೋಬರ್ 17ರೊಳಗೆ ಎಲ್ಲವೂ ಮುಗಿದಿರಬೇಕು. ಅಷ್ಟರಲ್ಲಿ ನೂರು ಮಂದಿಯ ಅಫಿಡವಿಟ್ ಹೊಂದಿಸಲು ಹೊರಟವರಿಗೆ ಇದು ಸಾಲುವುದಿಲ್ಲ. ಆದ್ದರಿಂದ ಕೆಲಸದ ಕ್ರಮವನ್ನೇ ತಿರುಗಿಸಿ. ಮೂರು ತಿಂಗಳು ಮೊದಲೇ ಕಾಗದ ಸಿದ್ಧಮಾಡಿ, ಕೊನೆಗೆ ಸ್ಥಾಪನಾ ಸಭೆ ಕರೆಯಿರಿ.

ಬೇಕಾಗುವುದು ಇಷ್ಟು. ಪಕ್ಷದ ಲೆಟರ್‌ಹೆಡ್ ಮೇಲೆ ಅಧ್ಯಕ್ಷರು ಇಲ್ಲವೇ ಪ್ರಧಾನ ಕಾರ್ಯದರ್ಶಿ ಸಹಿ ಹಾಕಿದ ಅರ್ಜಿ, 10,000 ರೂಪಾಯಿ ಶುಲ್ಕ (ಅರ್ಜಿ ತಿರಸ್ಕಾರವಾದರೂ ವಾಪಸ್ ಬರುವುದಿಲ್ಲ), ಪುಟಪುಟಕ್ಕೂ ಸಹಿ ಮತ್ತು ಮೊಹರು ಬಿದ್ದ ಪಕ್ಷದ ಬೈಲಾ (ಪಕ್ಷದ ನಿಯಮಾವಳಿ), ಕನಿಷ್ಠ 100 ಸದಸ್ಯರ ಮತದಾರರ ಪಟ್ಟಿಯ ಪ್ರತಿ, ಅದೇ ನೂರು ಮಂದಿಯಿಂದ ಬೇರೆಬೇರೆಯಾಗಿ ಅಫಿಡವಿಟ್, ಕಚೇರಿ ಜಾಗದ ಮಾಲೀಕರ ಒಪ್ಪಿಗೆ ಪತ್ರ. ಅಫಿಡವಿಟ್‌ನಲ್ಲಿ ಎರಡು ಮಾತು ಇರಲೇಬೇಕು: ‘ನಾನು ನೋಂದಾಯಿತ ಮತದಾರ’, ‘ಬೇರೆ ಯಾವ ಪಕ್ಷದ ಸದಸ್ಯನೂ ಅಲ್ಲ’. ನೂರರಲ್ಲಿ ಪದಾಧಿಕಾರಿಗಳೂ ಕಾರ್ಯಕಾರಿ ಸಮಿತಿಯವರೂ ಸೇರಿರಬೇಕು.

ಓದಿದವರ ಗುಂಪಿನಲ್ಲಿ ತೊಡಕು ಬರುವುದು ಇಲ್ಲೇ. ಕೆಲಸಕ್ಕೆಂದು ಬೆಂಗಳೂರು, ಹೈದರಾಬಾದ್, ಪುಣೆಗೆ ಹೋದವರ ಹೆಸರು ಊರಿನ ಪಟ್ಟಿಯಿಂದ ತೆಗೆದುಹೋಗಿರುತ್ತದೆ, ಹೊಸ ಊರಿನಲ್ಲಿ ಸೇರಿರುವುದಿಲ್ಲ. ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಕಿಸೆಯಲ್ಲಿದೆ ಎಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರಿದೆ ಎಂದಲ್ಲ. ನಿಮ್ಮ ಹನ್ನೆರಡು ಮಂದಿಯಿಂದಲೇ ಪರೀಕ್ಷೆ ಶುರುಮಾಡಿ. ಇನ್ನೊಂದು ತೊಡಕು, ಮಿಸ್ಡ್ ಕಾಲ್ ಕೊಟ್ಟು ಎಂದೋ ಯಾವುದೋ ಪಕ್ಷದ ಸದಸ್ಯರಾಗಿ ಮರೆತವರು. ಅಂಥವರು ಮೊದಲು ಬರಹದಲ್ಲಿ ರಾಜೀನಾಮೆ ಕೊಟ್ಟು ಆಮೇಲೆ ಪ್ರಮಾಣ ಮಾಡಲಿ. ಸುಳ್ಳು ಅಫಿಡವಿಟ್ ಅಪರಾಧ. ಅಚ್ಚುಕಟ್ಟಾಗಿ ನೂರೇ ಕೊಡಬೇಡಿ, 120 ಕೊಡಿ. ನಾಲ್ಕು ತಿರಸ್ಕಾರವಾದರೂ ಅರ್ಜಿ ನಿಲ್ಲುತ್ತದೆ.

ಅಫಿಡವಿಟ್‌ಗಳ ತಾರೀಖು ಸ್ಥಾಪನಾ ಸಭೆಗಿಂತ ಹಿಂದಿನದಾಗಬಾರದು. ಇನ್ನೂ ಹುಟ್ಟದ ಪಕ್ಷಕ್ಕೆ ಸದಸ್ಯರಾಗುವುದು ಹೇಗೆ? ಒಕ್ಕಣೆ ಟೈಪ್ ಮಾಡಿಸಿ, ಛಾಪಾ ಕಾಗದ ತಂದಿಟ್ಟು, ಸಭೆ ನಡೆಯುವ ಜಾಗಕ್ಕೇ ನೋಟರಿಯವರನ್ನು ಕರೆಸಿ. ಅಲ್ಲಿಗೆ ಒಂದು ದಿನದಲ್ಲಿ ಮುಗಿಯುತ್ತದೆ.

ಬೈಲಾದಲ್ಲಿ ಸಂವಿಧಾನಕ್ಕೆ ನಿಷ್ಠೆ, ಸಮಾಜವಾದ, ಜಾತ್ಯತೀತತೆ, ಪ್ರಜಾಪ್ರಭುತ್ವದ ತತ್ವಗಳಿಗೆ ನಿಷ್ಠೆ, ದೇಶದ ಸಾರ್ವಭೌಮತೆ, ಏಕತೆ, ಅಖಂಡತೆಯನ್ನು ಎತ್ತಿಹಿಡಿಯುವ ಮಾತು ಕಾಯ್ದೆಯಲ್ಲಿರುವ ಹಾಗೆಯೇ ಬರಬೇಕು. ‘ಸಮಾಜವಾದ ನಮಗೆ ಒಪ್ಪಿಗೆಯಿಲ್ಲ’ ಎಂದು ಆ ಪದ ಬಿಟ್ಟರೆ ನೋಂದಣಿ ಆಗುವುದಿಲ್ಲ. ಒಳಚುನಾವಣೆ ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ನಡೆಯಬೇಕು, ನೋಂದಣಿಯಾದ ಐದು ವರ್ಷದೊಳಗೆ ಪಕ್ಷ ಚುನಾವಣೆಗೆ ನಿಲ್ಲಬೇಕು. ಈ ಎರಡೂ ಬೈಲಾದಲ್ಲಿ ಬರೆದಿರಬೇಕು. ಅಂತರ್ಜಾಲದಿಂದ ಯಾವುದೋ ಸಂಘದ ಬೈಲಾ ಇಳಿಸಿ ಹೆಸರು ಬದಲಿಸಿದರೆ ಆಯೋಗ ಕೊರತೆ ಪತ್ರ ಕಳಿಸುತ್ತದೆ, ತಿಂಗಳುಗಟ್ಟಲೆ ಕೆಲಸ ಹಿಂದೆ ಬೀಳುತ್ತದೆ. ನಿಮ್ಮಲ್ಲಿರುವ ವಕೀಲರು ಕೂತು ಬರೆಯಲಿ.

ಆಯೋಗ ಅರ್ಜಿ ನೋಡಿದ ಮೇಲೆ ಎರಡು ರಾಷ್ಟ್ರೀಯ ಮತ್ತು ಎರಡು ಸ್ಥಳೀಯ ದಿನಪತ್ರಿಕೆಗಳಲ್ಲಿ, ಒಂದೊಂದರಲ್ಲೂ ಎರಡು ದಿನ, ಪಕ್ಷದ ಹೆಸರು ಪ್ರಕಟಿಸಿ ಆಕ್ಷೇಪಣೆಗೆ 30 ದಿನ ಕೊಡಬೇಕು. ಶುಲ್ಕಕ್ಕಿಂತ ಈ ಜಾಹೀರಾತಿನ ಖರ್ಚೇ ದೊಡ್ಡದು. ಮೊದಲೇ ಕೂಡಿಸಿಟ್ಟುಕೊಳ್ಳಿ. ಹೆಸರಿನಲ್ಲಿ ಜಾತಿ, ಧರ್ಮದ ಸುಳಿವಿರಬಾರದು, ಇರುವ ಪಕ್ಷದ ಹೆಸರನ್ನು ಹೋಲಬಾರದು. ಅರ್ಜಿ ಎಲ್ಲಿಗೆ ಬಂತೆಂದು ಆಯೋಗದ ಜಾಲತಾಣದಲ್ಲೇ ನೋಡಿಕೊಳ್ಳಬಹುದು.

ಪ್ರಶ್ನೆ: ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ವೇದಿಕೆ ಹತ್ತದೆ, ಬರೀ ಸದಸ್ಯೆಯಾಗಿ ಹಿಂದಿನಿಂದ ಕೆಲಸ ಮಾಡಬಹುದೇ?
*ಉಪನ್ಯಾಸಕಿ, ಬೀದರ್*

ಉತ್ತರ: ಆಗದು, ತಾಯಿ. ಸರ್ಕಾರಿ ನೌಕರರ ನಡತೆ ನಿಯಮಗಳು ಪಕ್ಷದ ಸದಸ್ಯತ್ವವನ್ನೂ, ಚಂದಾ ಕೊಡುವುದನ್ನೂ, ಪ್ರಚಾರವನ್ನೂ ನಿಷೇಧಿಸುತ್ತವೆ. ನೀವು ಸಹಿ ಹಾಕಿದ ಅಫಿಡವಿಟ್ ಆಯೋಗದ ಕಡತದಲ್ಲಿ ಕೂರುತ್ತದೆ, ಅದೇ ನಿಮ್ಮ ಮೇಲಿನ ಸಾಕ್ಷ್ಯವಾಗುತ್ತದೆ. ಸರ್ಕಾರಿ ವೈದ್ಯರು, ಸರ್ಕಾರಿ ಇಂಜಿನಿಯರುಗಳಿಗೂ ಇದೇ ಮಾತು. ಅನುದಾನಿತ ಸಂಸ್ಥೆಯವರು, ಅತಿಥಿ ಉಪನ್ಯಾಸಕರು ತಮ್ಮ ನೇಮಕಾತಿ ಆದೇಶದ ಷರತ್ತುಗಳನ್ನು ಓದಿ ಹೆಜ್ಜೆಯಿಡಲಿ. ಗುತ್ತಿಗೆದಾರ ಗೆಳೆಯರಿದ್ದರೆ ಅವರಿಗೂ ತಿಳಿಸಿ: ರಾಜ್ಯ ಸರ್ಕಾರದ ಕಾಮಗಾರಿಯ ಗುತ್ತಿಗೆ ಜಾರಿಯಲ್ಲಿದ್ದರೆ ವಿಧಾನಸಭೆಗೆ ನಿಲ್ಲಲು ಅನರ್ಹತೆ ಬರುತ್ತದೆ.

ಪ್ರಶ್ನೆ: ನಮ್ಮ ಗುಂಪು ಮೂರು ಜಿಲ್ಲೆಗಳ ಎಲ್ಲ ಕ್ಷೇತ್ರಗಳಲ್ಲೂ ನಿಲ್ಲಬೇಕೆಂದು ಕೆಲವರು, ಒಂದೆರಡರಲ್ಲಿ ಸಾಕೆಂದು ಕೆಲವರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಚಿಹ್ನೆ ಸಿಗುತ್ತದೆಯೇ?
*ವಕೀಲ, ಆಳಂದ*

ಉತ್ತರ: ಮೊದಲು ನಕ್ಷೆ ನೋಡೋಣ. ಕಲಬುರಗಿ ಜಿಲ್ಲೆಯಲ್ಲಿ 9, ಬೀದರಿನಲ್ಲಿ 6, ಯಾದಗಿರಿಯಲ್ಲಿ 4, ಒಟ್ಟು 19 ವಿಧಾನಸಭಾ ಕ್ಷೇತ್ರಗಳು. ಚಿತ್ತಾಪುರ, ಚಿಂಚೋಳಿ, ಗುಲ್ಬರ್ಗಾ ಗ್ರಾಮೀಣ, ಔರಾದ್ ಪರಿಶಿಷ್ಟ ಜಾತಿಗೆ, ಸುರಪುರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭೆಯ ಗೆರೆ ಬೇರೆಯೇ ಇದೆ. ನಿಮ್ಮ ಆಳಂದ ಮತ್ತು ಚಿಂಚೋಳಿ ಕಲಬುರಗಿ ಜಿಲ್ಲೆಯಲ್ಲಿದ್ದರೂ ಬೀದರ್ ಲೋಕಸಭೆಗೆ ಸೇರುತ್ತವೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಗುಲ್ಬರ್ಗಾ ಲೋಕಸಭೆಗೆ ಸೇರಿದರೆ ಸುರಪುರ, ಶಹಾಪುರ, ಯಾದಗಿರಿ ರಾಯಚೂರಿಗೆ ಹೋಗುತ್ತವೆ. ಜಿಲ್ಲಾ ಸಮಿತಿ ಎಂದು ಕಟ್ಟಿದರೆ ಲೋಕಸಭಾ ಚುನಾವಣೆಯಲ್ಲಿ ಯಾರ ಕೆಲಸ ಯಾರದೆಂದು ಜಗಳ ಹತ್ತುತ್ತದೆ. ವಿಧಾನಸಭಾ ಕ್ಷೇತ್ರವಾರು ಸಮಿತಿ ಮಾಡಿ.

ನೋಂದಣಿಯಾದ ಮಾತ್ರಕ್ಕೆ ಚಿಹ್ನೆ ಸಿಗುವುದಿಲ್ಲ. ಚುನಾವಣೆಯಲ್ಲಿ ನಿಗದಿತ ಮತ, ಸ್ಥಾನ ಗಳಿಸಿ ಆಯೋಗದ ಮಾನ್ಯತೆ ಪಡೆದ ಪಕ್ಷಗಳಿಗೆ ಮಾತ್ರ ಕಾಯಂ ಚಿಹ್ನೆ. ನಿಮ್ಮಂಥ ನೋಂದಾಯಿತ, ಮಾನ್ಯತೆಯಿಲ್ಲದ ಪಕ್ಷಕ್ಕೆ 1968ರ ಚಿಹ್ನೆಗಳ ಆದೇಶದ 10ಬಿ ಪರಿಚ್ಛೇದದಲ್ಲಿ ಒಂದು ದಾರಿ ಇದೆ. ರಾಜ್ಯದ ಒಟ್ಟು ಕ್ಷೇತ್ರಗಳಲ್ಲಿ ಕನಿಷ್ಠ ಶೇ 5ರಲ್ಲಿ ಅಭ್ಯರ್ಥಿ ಹಾಕುವುದಾಗಿ ಬರೆದುಕೊಟ್ಟರೆ ಮುಕ್ತ ಚಿಹ್ನೆಗಳಲ್ಲಿ (ಯಾವ ಪಕ್ಷಕ್ಕೂ ಮೀಸಲಿಲ್ಲದವು) ಒಂದನ್ನು ಎಲ್ಲ ಅಭ್ಯರ್ಥಿಗಳಿಗೂ ಸಾಮಾನ್ಯವಾಗಿ ಕೊಡುತ್ತಾರೆ. ಕರ್ನಾಟಕದಲ್ಲಿ 224 ಸ್ಥಾನ, ಅದರ ಶೇ 5 ಎಂದರೆ 11.2. 12 ಕ್ಷೇತ್ರ ಎಂದು ಹಿಡಿಯಿರಿ. ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ, ಅರ್ಜಿಯ ಬಾಗಿಲು ಅದಕ್ಕೆ ಆರು ತಿಂಗಳ ಮೊದಲು, ಅಂದರೆ 2027ರ ನವೆಂಬರ್ ಹೊತ್ತಿಗೆ ತೆರೆಯುತ್ತದೆ. ಮೊದಲು ಬಂದವರಿಗೆ ಮೊದಲು. ತೆರೆದ ದಿನವೇ, ಇಷ್ಟದ ಚಿಹ್ನೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು, ಲೆಕ್ಕಪತ್ರ ಬಾಕಿಯಿಲ್ಲದಂತೆ ನೋಡಿಕೊಂಡು ಅರ್ಜಿ ಕೊಡಿ.

ಹಾಗೆಂದು ಚಿಹ್ನೆಯ ಆಸೆಗೆ 12 ಕಡೆ ನಿಲ್ಲುವುದು ನಮ್ಮ ಮಟ್ಟಿಗೆ ತಪ್ಪು. ನಿಮಗೆ ಜನಬಲವಿರುವುದು ಎರಡೇ ಕ್ಷೇತ್ರಗಳಲ್ಲಾದರೆ ಎರಡರಲ್ಲೇ ನಿಲ್ಲಿ. ಆಗ ಚಿಹ್ನೆಯನ್ನು ಕ್ಷೇತ್ರದ ಚುನಾವಣಾಧಿಕಾರಿಯೇ ಹಂಚುತ್ತಾರೆ. ಅಲ್ಲಿಯೂ ನೋಂದಾಯಿತ ಪಕ್ಷದವರಿಗೆ ಪಕ್ಷೇತರರಿಗಿಂತ ಮೊದಲ ಆದ್ಯತೆ ಇದೆ.

ಗ್ರಾಮ ಪಂಚಾಯಿತಿ ಚುನಾವಣೆ ನಮ್ಮ ರಾಜ್ಯದಲ್ಲಿ ಪಕ್ಷದ ಚಿಹ್ನೆ ಇಲ್ಲದೆ ನಡೆಯುತ್ತದೆ. ಅಲ್ಲಿ ಗೆದ್ದವರು ನಿಮ್ಮವರೆಂದು ಹೇಳಿಕೊಳ್ಳಲು ಕಾಗದದಲ್ಲಿ ಆಧಾರ ಇರುವುದಿಲ್ಲ. ಆದರೂ ಊರೂರಿನಲ್ಲಿ ಆಳು ಬೆಳೆಸಲು ಅದಕ್ಕಿಂತ ಒಳ್ಳೆಯ ಅಂಗಳ ಬೇರೆ ಇಲ್ಲ. ನಿಲ್ಲುವ ವಯಸ್ಸೂ 21. ವಿಧಾನಸಭೆಗೆ 25 ಆಗಿರಬೇಕು.

ಪ್ರಶ್ನೆ: ಅಮೆರಿಕ, ದುಬೈಯಲ್ಲಿರುವ ನಮ್ಮೂರ ಗೆಳೆಯರು ಹಣ ಕಳಿಸುತ್ತೇವೆ ಎನ್ನುತ್ತಾರೆ. ಇಲ್ಲಿಯ ವರ್ತಕರು ನಗದು ಕೊಡುತ್ತಾರೆ, ರಸೀದಿ ಬೇಡ ಎನ್ನುತ್ತಾರೆ. ಏನು ಮಾಡಬೇಕು?
*ಸಿ.ಎ., ಕಲಬುರಗಿ*

ಉತ್ತರ: ವಿದೇಶದಲ್ಲಿರುವವರ ಪಾಸ್‌ಪೋರ್ಟ್ ಯಾವ ದೇಶದ್ದೆಂದು ಮೊದಲು ಕೇಳಿ. ಭಾರತದ ಪಾಸ್‌ಪೋರ್ಟ್ ಇದ್ದರೆ ದೇಣಿಗೆ ಕೊಡಬಹುದು. ಅಮೆರಿಕದ ಪೌರತ್ವ ಪಡೆದಿದ್ದರೆ ನಮ್ಮೂರಲ್ಲೇ ಹುಟ್ಟಿದವರಾದರೂ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಚೀಟಿ) ಇದ್ದರೂ, ಅದು ವಿದೇಶಿ ಮೂಲದ ಹಣ. ಒಂದು ರೂಪಾಯಿಯನ್ನೂ ಮುಟ್ಟಬಾರದು. ಅನುಮಾನವಿದ್ದಲ್ಲಿ ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ ಪಡೆದು ಕಡತದಲ್ಲಿಡಿ.

ನಗದಿನ ಮಿತಿ ಒಬ್ಬರಿಂದ 2,000 ರೂಪಾಯಿ. ಅದಕ್ಕಿಂತ ಹೆಚ್ಚು ನಗದು ಪಡೆದರೆ ಪಕ್ಷದ ತೆರಿಗೆ ವಿನಾಯಿತಿಯೇ ಹೋಗುತ್ತದೆ. ವರ್ಷದಲ್ಲಿ 20,000ಕ್ಕಿಂತ ಹೆಚ್ಚು ಕೊಟ್ಟವರ ಹೆಸರು, ವಿಳಾಸ, ಪಾನ್ ಬರೆದ 24ಎ ನಮೂನೆಯನ್ನು ಆಯೋಗಕ್ಕೆ ಸಲ್ಲಿಸಬೇಕು. ರಸೀದಿ ಬೇಡ ಎನ್ನುವ ವರ್ತಕರಿಗೆ ಕೈಮುಗಿದು ಹಣ ವಾಪಸ್ ಕೊಡಿ. ಚುನಾವಣೆಗೆ ಆರು ವಾರ ಇರುವಾಗ ಆ ಹಣದ ಜೊತೆ ಒಂದು ಹೆಸರೂ ಬರುತ್ತದೆ: ಇಂಥವರಿಗೆ ಟಿಕೆಟ್ ಕೊಡಿ ಎಂದು. ಬಸವಕಲ್ಯಾಣದ ನೆಲದವರು ನಾವು. ಕಾಯಕದ ದುಡ್ಡು ಯಾವುದು, ಬೇರೆ ದುಡ್ಡು ಯಾವುದು ಎಂದು ಜನರೇ ಗುರುತಿಸುತ್ತಾರೆ. ತಿಂಗಳಿಗೆ 200 ರೂಪಾಯಿಯಂತೆ 500 ಮಂದಿ ಯುಪಿಐ ಮೂಲಕ ಕೊಟ್ಟರೆ ವರ್ಷಕ್ಕೆ 12 ಲಕ್ಷ. ಎರಡು ಕ್ಷೇತ್ರದ ಕಚೇರಿ, ಓಡಾಟ, ಕರಪತ್ರಕ್ಕೆ ಅದು ದಾರಿಯಾಗುತ್ತದೆ.

ಅಭ್ಯರ್ಥಿಯ ಖರ್ಚಿನ ಲೆಕ್ಕ ಬೇರೆ. ವಿಧಾನಸಭೆಗೆ ಮಿತಿ 40 ಲಕ್ಷ ರೂಪಾಯಿ (2022ರಲ್ಲಿ ನಿಗದಿಯಾದದ್ದು). ನಾಮಪತ್ರಕ್ಕೆ ಕನಿಷ್ಠ ಒಂದು ದಿನ ಮೊದಲು ಪ್ರತ್ಯೇಕ ಬ್ಯಾಂಕ್ ಖಾತೆ ತೆರೆದು ಎಲ್ಲ ಖರ್ಚನ್ನೂ ಅದರಿಂದಲೇ ಮಾಡಬೇಕು. ಗೆಳೆಯ ಪುಕ್ಕಟೆ ಕೊಟ್ಟ ಕಾರು, ಮಾವ ಕೊಟ್ಟ ಶಾಮಿಯಾನ ಕೂಡ ಜಿಲ್ಲಾ ಚುನಾವಣಾಧಿಕಾರಿಗಳ ದರಪಟ್ಟಿಯ ಪ್ರಕಾರ ಖರ್ಚಿಗೆ ಸೇರುತ್ತದೆ. ಫಲಿತಾಂಶ ಬಂದ 30 ದಿನದಲ್ಲಿ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆ. ಸೋತ ಬೇಸರದಲ್ಲಿ ಇದನ್ನು ಮರೆತು ಸಿಕ್ಕಿಕೊಂಡವರು ಬಹಳ. ನೀವು ಸಿ.ಎ. ಇದ್ದೀರಿ, ಈ ಒಂದು ಕೆಲಸ ನಿಮ್ಮ ಕೈಯಲ್ಲೇ ಇರಲಿ.

ಪ್ರಶ್ನೆ: ಓದಿದವರ ಪಕ್ಷಕ್ಕೆ ಪದವೀಧರ ಕ್ಷೇತ್ರವೇ ಸರಿಯಾದ ಬಾಗಿಲಲ್ಲವೇ?
*ಸಾಫ್ಟ್‌ವೇರ್ ಉದ್ಯೋಗಿ, ಯಾದಗಿರಿ*

ಉತ್ತರ: ಬಾಗಿಲು ಹೌದು, ಆದರೆ ದೂರದ್ದು. ವಿಧಾನ ಪರಿಷತ್ತಿನ ಈಶಾನ್ಯ ಪದವೀಧರ ಕ್ಷೇತ್ರಕ್ಕೆ 2024ರ ಜೂನ್ 3ರಂದು ಮತದಾನ ಆಗಿದೆ, ಅವಧಿ ಆರು ವರ್ಷ. ಮುಂದಿನದು 2030ಕ್ಕೆ. ಕ್ಷೇತ್ರ ಬೀದರಿನಿಂದ ಬಳ್ಳಾರಿಯವರೆಗೆ ಹರಡಿದೆ. ನಿಲ್ಲುವವರಿಗೆ 30 ವರ್ಷ ಆಗಿರಬೇಕು.

ಇಲ್ಲಿ ಗೆಲುವು ನಿರ್ಧಾರವಾಗುವುದು ಪ್ರಚಾರಕ್ಕಿಂತ ಮತದಾರರ ಪಟ್ಟಿಯಲ್ಲಿ. ಸಾಮಾನ್ಯ ಪಟ್ಟಿಯಲ್ಲಿ ಹೆಸರಿದ್ದರೆ ಇಲ್ಲಿ ಉಪಯೋಗವಿಲ್ಲ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಮತ ಹಾಕಿದವರೂ ಮತ್ತೆ ನಮೂನೆ 18 ತುಂಬಬೇಕು. ಚುನಾವಣೆಯ ಹಿಂದಿನ ವರ್ಷದ ನವೆಂಬರ್ 1ಕ್ಕೆ ಮೂರು ವರ್ಷ ಮುಂಚೆ ಪದವಿ ಮುಗಿದಿರಬೇಕು. ನೋಂದಣಿಯ ಕೆಲಸ ಚುನಾವಣೆಯ ಹಿಂದಿನ ವರ್ಷದ ಅಕ್ಟೋಬರಿನಲ್ಲೇ ಶುರುವಾಗುತ್ತದೆ. ಕಟ್ಟುಕಟ್ಟಾಗಿ ಅರ್ಜಿ ತಂದು ಸುರಿದರೆ ತೆಗೆದುಕೊಳ್ಳುವುದಿಲ್ಲ, ಮನೆಮನೆಗೆ ಹೋಗಿ ಅವರಿಂದಲೇ ತುಂಬಿಸಬೇಕು. ಮತಪತ್ರದಲ್ಲಿ ಚಿಹ್ನೆ ಇರುವುದಿಲ್ಲ. ಅಂಕಿಯಲ್ಲಿ 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು, ಅದೂ ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲೇ. ಟಿಕ್ ಗುರುತು ಹಾಕಿದ, ಸಹಿ ಮಾಡಿದ ಮತಗಳು ತಿರಸ್ಕಾರವಾಗುತ್ತವೆ. ಓದಿದವರೇ ಇಲ್ಲಿ ಹೆಚ್ಚು ತಪ್ಪು ಮಾಡುವುದು ನೋವಿನ ಸಂಗತಿ.

ಪ್ರಶ್ನೆ: ಇಂಥ ಪಕ್ಷಗಳು ಹಿಂದೆಯೂ ಬಂದಿವೆ, ಕರಗಿವೆ. ಯಾಕೆ?
*ವೈದ್ಯೆ, ಸೇಡಂ*

ಉತ್ತರ: 2006ರಲ್ಲಿ ಐಐಟಿಯಲ್ಲಿ ಓದಿದವರು ಲೋಕ ಪರಿತ್ರಾಣ ಪಕ್ಷ ಕಟ್ಟಿ ಚೆನ್ನೈಯಲ್ಲಿ ಚುನಾವಣೆಗೆ ನಿಂತರು. ದೇಶವೆಲ್ಲ ಮಾತಾಡಿಕೊಂಡಿತು, ಆದರೆ ಗೆಲುವು ಬರಲಿಲ್ಲ, ಗುಂಪು ಒಡೆಯಿತು. ಅದೇ ವರ್ಷ ಅಕ್ಟೋಬರ್ 2ರಂದು ಐಎಎಸ್ ಬಿಟ್ಟುಬಂದ ಜಯಪ್ರಕಾಶ್ ನಾರಾಯಣ್ ಆಂಧ್ರದಲ್ಲಿ ಲೋಕಸತ್ತಾ ಪಕ್ಷ ಕಟ್ಟಿದರು. 2009ರಲ್ಲಿ ರಾಜ್ಯದ ಬಹುತೇಕ ಕ್ಷೇತ್ರಗಳಲ್ಲಿ ನಿಂತು ಗೆದ್ದದ್ದು ಕೂಕಟ್‌ಪಲ್ಲಿ ಒಂದೇ. ಆಮ್ ಆದ್ಮಿ ಪಕ್ಷ 2012ರ ನವೆಂಬರಿನಲ್ಲಿ ಹುಟ್ಟಿ ಮರುವರ್ಷ ದೆಹಲಿಯ 70ರಲ್ಲಿ 28 ಗೆದ್ದಿತು. ಅದೇ ಪಕ್ಷ 2014ರಲ್ಲಿ 400ಕ್ಕೂ ಹೆಚ್ಚು ಲೋಕಸಭಾ ಸ್ಥಾನಗಳಿಗೆ ನಿಂತಾಗ ಸಿಕ್ಕದ್ದು ನಾಲ್ಕು, ನಾಲ್ಕೂ ಪಂಜಾಬಿನವು. 2015ರಲ್ಲಿ ಮತ್ತೆ ದೆಹಲಿಗೆ ಕೂತಾಗ 67 ಬಂದವು. ನಮ್ಮ ರಾಜ್ಯದ ಮೇಲುಕೋಟೆಯಲ್ಲಿ 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದ ದರ್ಶನ್ ಪುಟ್ಟಣ್ಣಯ್ಯ ಸಾಫ್ಟ್‌ವೇರ್ ಉದ್ಯಮದಿಂದ ಬಂದವರು. ಆದರೆ ಅವರ ಹಿಂದೆ ತಂದೆಯ ಕಾಲದಿಂದ ಬೇರುಬಿಟ್ಟ ರೈತ ಸಂಘ ಇತ್ತು, ಕಾಂಗ್ರೆಸ್ಸಿನ ಬೆಂಬಲವೂ ಇತ್ತು.

ನಮಗೆ ಇವುಗಳಲ್ಲಿ ಕಾಣುವುದು ಒಂದೇ. ಚದುರಿದ ಕಡೆ ಸೋಲು, ಒಂದು ಕಡೆ ಬೇರು ಬಿಟ್ಟಲ್ಲಿ ಗೆಲುವು. ತೊಗರಿ ಬರದಲ್ಲೂ ನಿಲ್ಲುವುದು ಬೇರು ಆಳಕ್ಕಿಳಿಯುವುದರಿಂದ ಎಂದು ಸೇಡಂ ಸೀಮೆಯವರಿಗೆ ನಾವು ಹೇಳಬೇಕಿಲ್ಲ. ಎರಡನೆಯ ಕಾರಣ ಒಳಜಗಳ. ಎಲ್ಲರೂ ಸಮಾನರು ಎಂದು ಕೂತ ಹನ್ನೆರಡು ಮಂದಿಯಲ್ಲಿ ಕೊನೆಯ ಮಾತು ಯಾರದೆಂದು ಬರೆದಿರುವುದಿಲ್ಲ. ಟಿಕೆಟ್ ಯಾರು ನಿರ್ಧರಿಸಬೇಕು, ಸಮಿತಿ ಒಡೆದರೆ ಎಷ್ಟು ಮತಕ್ಕೆ ತೀರ್ಮಾನ, ಬ್ಯಾಂಕ್ ಖಾತೆಗೆ ಯಾವ ಇಬ್ಬರ ಜಂಟಿ ಸಹಿ, ಇವನ್ನು ಸ್ನೇಹ ಚೆನ್ನಾಗಿರುವಾಗಲೇ ಬೈಲಾದಲ್ಲಿ ಬರೆಯಿರಿ.

ಹೆಸರಿಗೆ ಮಾತ್ರ ಪಕ್ಷ ಇಟ್ಟುಕೊಳ್ಳುವುದೂ ಈಗ ನಡೆಯುವುದಿಲ್ಲ. 2019ರಿಂದ ಆರು ವರ್ಷ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು 2025ರ ಆಗಸ್ಟಿನಲ್ಲಿ, ಇನ್ನೂ 474 ಪಕ್ಷಗಳನ್ನು ಸೆಪ್ಟೆಂಬರಿನಲ್ಲಿ ಆಯೋಗ ಪಟ್ಟಿಯಿಂದ ತೆಗೆದುಹಾಕಿತು.

ಪ್ರಶ್ನೆ: ಒಂದು ಕ್ಷೇತ್ರಕ್ಕೆ ನಿಜವಾಗಿ ಎಷ್ಟು ಮಂದಿ ಬೇಕ್ರಿ? ಫೇಸ್‌ಬುಕ್‌ನಾಗ ನಮಗ ಎಂಟು ಸಾವಿರ ಮಂದಿ ಅದಾರ.
*ಕೃಷಿ ಪದವೀಧರ, ಸುರಪುರ*

ಉತ್ತರ: ಆ ಎಂಟು ಸಾವಿರದಲ್ಲಿ ನಿಮ್ಮ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರುವವರು ಎಷ್ಟು ಎಂದು ಬೂತ್‌ವಾರು ಬರೆಯಿರಿ, ಲೆಕ್ಕ ಅಲ್ಲಿಂದ ಶುರು. ವಿಧಾನಸಭಾ ಕ್ಷೇತ್ರ ಎಂದರೆ ಸಾಮಾನ್ಯವಾಗಿ 200ರಿಂದ 300 ಮತಗಟ್ಟೆ. ಒಂದೊಂದಕ್ಕೂ ಒಬ್ಬ ಏಜೆಂಟ್, ಬದಲಿಗೆ ಇಬ್ಬರನ್ನು ನಮೂನೆ 10ರಲ್ಲಿ ನೇಮಿಸಬಹುದು. 250 ಬೂತ್ ಎಂದರೆ ಒಬ್ಬೊಬ್ಬರಾದರೂ 250 ಮಂದಿ, ಪೂರ್ತಿ ತುಂಬಿದರೆ 750. ಆ ಬೂತಿನವರೇ ಆದರೆ ಒಳ್ಳೆಯದು, ಮತದಾರರ ಮುಖ ಗೊತ್ತಿರುತ್ತದೆ.

ಏಜೆಂಟರ ಕೆಲಸ ಮತದಾನ ಶುರುವಾಗುವ ಒಂದೂವರೆ ತಾಸು ಮುಂಚೆಯೇ. ಏಳಕ್ಕೆ ಮತದಾನವಾದರೆ ಬೆಳಗಿನ ಐದೂವರೆಗೆ ಅಣಕು ಮತದಾನ. ಕನಿಷ್ಠ 50 ಮತ ಹಾಕಿ, ಎಣಿಸಿ, ಅಳಿಸಿ ತೋರಿಸುತ್ತಾರೆ. ಏಜೆಂಟ್ ಬರದಿದ್ದರೆ ಹದಿನೈದು ನಿಮಿಷ ಕಾದು ಮುಂದುವರಿಯುತ್ತಾರೆ. ಸಂಜೆ ಮುಗಿದ ಮೇಲೆ ನಮೂನೆ 17ಸಿ (ಆ ಮತಗಟ್ಟೆಯಲ್ಲಿ ಬಿದ್ದ ಒಟ್ಟು ಮತಗಳ ಲೆಕ್ಕ) ಪ್ರತಿ ಕೇಳಿ ಪಡೆಯದೆ ಯಾರೂ ಹೊರಗೆ ಬರಬಾರದು. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಮತವನ್ನು ಅದರ ಜೊತೆಗೇ ತಾಳೆ ನೋಡಬೇಕು.

ನಮ್ಮ ಭಾಗದ ದೊಡ್ಡ ಕಷ್ಟ ಗುಳೆ. ತೊಗರಿ ರಾಶಿ ಮುಗಿದ ಮೇಲೆ ತಾಂಡಾಗಳಿಂದ, ಹಳ್ಳಿಗಳಿಂದ ಮುಂಬೈ, ಪುಣೆ, ಬೆಂಗಳೂರಿಗೆ ಹೋದವರು ಏಪ್ರಿಲ್, ಮೇ ತಿಂಗಳಲ್ಲಿ ಊರಲ್ಲಿರುವುದಿಲ್ಲ. ಡಿಸೆಂಬರಿನಲ್ಲಿ ‘ನಾ ಬರ್ತೀನ್ರಿ’ ಎಂದವರನ್ನು ನಂಬಿ ಪಟ್ಟಿ ಮಾಡಿದರೆ ಅರ್ಧ ಬೂತ್ ಖಾಲಿ ಬೀಳುತ್ತವೆ. ವರ್ಷಪೂರ್ತಿ ಊರಲ್ಲಿರುವ ಕಿರಾಣಿ ಅಂಗಡಿಯವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು, ಖಾಸಗಿ ಶಾಲೆಯ ಮೇಷ್ಟ್ರುಗಳನ್ನು ಮೊದಲು ಹಿಡಿಯಿರಿ. ಎಂಟು ತಿಂಗಳಲ್ಲಿ 150 ಬೂತ್ ತುಂಬದಿದ್ದರೆ ಆ ಸಲ ವಿಧಾನಸಭೆಗೆ ನಿಲ್ಲಬೇಡಿ ಎಂದೇ ನಮ್ಮ ಸಲಹೆ.

ಪ್ರಶ್ನೆ: ನಾಮಪತ್ರದ ದಿನ ಏನೇನು ತಪ್ಪುತ್ತದೆ?
*ಔಷಧ ಅಂಗಡಿಯವರು, ಭಾಲ್ಕಿ*

ಉತ್ತರ: ಮಾನ್ಯತೆ ಪಡೆದ ಪಕ್ಷದವರಿಗೆ ಸೂಚಕರು (ಅಭ್ಯರ್ಥಿಯ ಹೆಸರು ಸೂಚಿಸಿ ಸಹಿ ಹಾಕುವ ಮತದಾರರು) ಒಬ್ಬರು ಸಾಕು, ನಿಮಗೆ ಅದೇ ಕ್ಷೇತ್ರದ ಹತ್ತು ಮಂದಿ ಬೇಕು. ಒಬ್ಬರ ಹೆಸರು ಪಕ್ಕದ ಕ್ಷೇತ್ರದ ಪಟ್ಟಿಯಲ್ಲಿದ್ದರೂ ನಾಮಪತ್ರ ಬೀಳುತ್ತದೆ, ಆದ್ದರಿಂದ ಎರಡು ಸೆಟ್ ಸಲ್ಲಿಸಿ, ಎರಡಕ್ಕೂ ಬೇರೆ ಬೇರೆ ಸೂಚಕರಿರಲಿ. ಹೆಬ್ಬೆಟ್ಟು ಒತ್ತುವವರಾದರೆ ಅದು ಅಧಿಕಾರಿಯ ಮುಂದೆಯೇ ಆಗಬೇಕು. ಆಸ್ತಿ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಅಫಿಡವಿಟ್‌ನಲ್ಲಿ ಯಾವ ಕಾಲಮನ್ನೂ ಖಾಲಿ ಬಿಡದೆ ‘ಇಲ್ಲ’ ಎಂದಾದರೂ ಬರೆಯಿರಿ. ಇವರೇ ನಮ್ಮ ಅಭ್ಯರ್ಥಿ ಎಂದು ಪಕ್ಷ ಕೊಡುವ ಎ ಮತ್ತು ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3ರೊಳಗೆ, ಶಾಯಿಯಲ್ಲಿ ಸಹಿ ಮಾಡಿದ ಮೂಲ ಪ್ರತಿಯೇ ತಲುಪಬೇಕು, ಜೆರಾಕ್ಸ್ ನಡೆಯುವುದಿಲ್ಲ. ಬೇರೆ ಕ್ಷೇತ್ರದಲ್ಲಿ ಮತ ಇರುವ ಅಭ್ಯರ್ಥಿ ತನ್ನ ಪಟ್ಟಿಯ ದೃಢೀಕೃತ ಪ್ರತಿ ತರಬೇಕು. ಠೇವಣಿ 10,000 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ಗೆಲ್ಲದೆ, ಸಿಂಧು ಮತಗಳ ಆರನೇ ಒಂದು ಭಾಗವೂ ಬರದಿದ್ದರೆ ಅದು ಹೋಗುತ್ತದೆ.

ಪ್ರಶ್ನೆ: ಕರಪತ್ರವನ್ನು ನಾಲ್ಕು ಭಾಷೆಯಲ್ಲಿ ಮಾಡಿಸಬೇಕೇ?
*ಗ್ರಾಫಿಕ್ ಡಿಸೈನರ್, ಹುಮನಾಬಾದ್*

ಉತ್ತರ: ಊರು ನೋಡಿ ಮಾಡಿ. ಔರಾದ್, ಭಾಲ್ಕಿ ಕಡೆ ಮರಾಠಿ, ಬೀದರ್, ಕಲಬುರಗಿ ಪಟ್ಟಣಗಳಿಗೆ ಉರ್ದು, ಗುರುಮಠಕಲ್ ಗಡಿಗೆ ತೆಲುಗು, ಇವೆಲ್ಲದರ ಜೊತೆ ಕನ್ನಡ. ಅನುವಾದವನ್ನು ಆ ಭಾಷೆ ಮನೆಯಲ್ಲಿ ಆಡುವವರಿಂದಲೇ ಮಾಡಿಸಿ. ಯಾವ ಭಾಷೆಯದಾದರೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಕರಪತ್ರದ ಮೇಲೆ ಅಚ್ಚಾಗಲೇಬೇಕು. ಅದಿಲ್ಲದ ಕರಪತ್ರಕ್ಕೆ ಆರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ ಇದೆ. ಪ್ರೆಸ್ಸಿನವರು ನಿಮ್ಮಿಂದ ಇಬ್ಬರು ಪರಿಚಿತರ ಸಹಿಯಿರುವ ಘೋಷಣಾಪತ್ರ ಕೇಳಿದರೆ ಬೇಸರಿಸಬೇಡಿ, ಕಾಯ್ದೆಯ ಪ್ರಕಾರ ಅದನ್ನು ಪಡೆದ ಮೇಲೆಯೇ ಅವರು ಅಚ್ಚಿಗೆ ಹಾಕಬೇಕು.